ಗೇಟು ಕೂಗಿದ್ದು ಯಾರಿಗೆ

ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯ ಗೇಟು ಕೂಗಿಕೊಂಡಿತು. ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಗಾರ್ಡ್ ಬೆಚ್ಚಿಬಿದ್ದು ಎದ್ದ. ಹದಿನಾರರ ಹುಡುಗಿಯೊಬ್ಬಳ ರಟ್ಟೆ ಹಿಡಿದು ಸೂಪರ್‌ವೈಸರ್ ಗೇಟಿನ ನಡುವೆಯೇ ನಿಂತಿದ್ದ. ಅವಳ ಬ್ಯಾಗಿನಿಂದ ಒಂದು ಸೆಂಟ್ ಬಾಟಲಿ ಹೊರಬಂತು.

ಮಕ್ಕಳ ಪ್ರಕರಣ ನೋಡಿಕೊಳ್ಳುವ ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಸೂಪರ್‌ವೈಸರ್ ದೂರು ಬರೆದು ಮುಗಿಸಿದ್ದ. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ಇಷ್ಟು ಅಚ್ಚುಕಟ್ಟಾದ ದೂರು ಕಂಡರೆ ಆಕೆಗೆ ಆಗಿಬರುತ್ತಿರಲಿಲ್ಲ.

"ಮೂರು ತಿಂಗಳಲ್ಲಿ ಹನ್ನೆರಡು ಬಾಟಲಿ ಮಾಯ ಮೇಡಂ. ಎಲ್ಲಾ ಇವಳದೇ ಕೈಚಳಕ. ಪ್ರತಿ ಶನಿವಾರ ಬರ್ತಾಳೆ, ಏನೂ ಕೊಳ್ಳಲ್ಲ. ಇವತ್ತಿನದೂ ಸೇರಿ ಹದಿಮೂರಕ್ಕೂ ಕೇಸ್ ಹಾಕಿ."

"ಹದಿಮೂರು ಅಂದ್ರೆ ಏನಾಗುತ್ತೆ ಗೊತ್ತೇನಮ್ಮಾ?" ಇನ್ಸ್‌ಪೆಕ್ಟರಮ್ಮ ಹುಡುಗಿಯನ್ನು ಕೇಳಿದರು. "ಮಕ್ಕಳ ಕೋರ್ಟು. ವಿಚಾರಣೆ ಮುಗಿಯೋವರೆಗೆ ಬಾಲಮಂದಿರ. ಒಂದೇ ಅಂದ್ರೆ ಎಚ್ಚರಿಕೆ, ಮನೆಯವರ ಸಹಿ. ನಿಜ ಹೇಳು, ಎಷ್ಟು?"

"ಒಂದು."

"ಯಾಕೆ ಕದ್ದೆ?"

ಹುಡುಗಿ ಮುಖ ಆಚೆ ತಿರುಗಿಸಿದಳು.

* * *

ಇನ್ಸ್‌ಪೆಕ್ಟರಮ್ಮ ಬಾಟಲಿಯನ್ನು ತಿರುಗಿಸಿ ನೋಡಿದರು. ಡಬ್ಬಿ ಇಲ್ಲ, ಅರ್ಧ ಖಾಲಿ. ಗಿರಾಕಿಗಳು ಮೂಸಿ ನೋಡಲೆಂದು ಕೌಂಟರಿನ ಮೇಲೆ ಇಡುವ ಬಾಟಲಿ ಅದು.

ಮೊದಲಿಗೆ ಅವರ ಅನುಮಾನ ಹೋದದ್ದು ಗಾರ್ಡ್ ಮೇಲೆ. ಆ ನಿದ್ದೆಬುರುಕನ ಮುಂದೆ ಆನೆಯನ್ನೇ ಹೊಡೆದುಕೊಂಡು ಹೋಗಬಹುದಿತ್ತು.

"ನಾನು ಮಲಗಬಹುದು, ಗೇಟು ಮಲಗಲ್ಲ ಮೇಡಂ," ಅವನು ರೋಷದಿಂದ ಅಂದ. "ಮಾರೋ ಬಾಟಲಿಗೆಲ್ಲ ಬೂದು ಬಣ್ಣದ ಟ್ಯಾಗ್ ಇರುತ್ತೆ. ಅದು ದಾಟಿದ್ರೆ ಕೂಗುತ್ತೆ. ಮೂರು ತಿಂಗಳಲ್ಲಿ ಕೂಗಿದ್ದು ಇವತ್ತೇ."

"ಟ್ಯಾಗ್ ಬಿಚ್ಚೋದು ಹೇಗೆ?"

"ಬಿಲ್ಲಿಂಗ್ ಕೌಂಟರಲ್ಲಿ ಆಯಸ್ಕಾಂತ ಇದೆ. ಕೈಯಲ್ಲಿ ಎಳೆದ್ರೆ ಬರಲ್ಲ."

ಇನ್ಸ್‌ಪೆಕ್ಟರಮ್ಮ ಎದ್ದು ನಿಂತರು. "ಬನ್ನಿ, ಮೂವರೂ ಒಬ್ಬೊಬ್ಬರಾಗಿ ಗೇಟು ದಾಟಿ."

ಹುಡುಗಿ ಬಾಟಲಿ ಹಿಡಿದು ದಾಟಿದಳು. ಗೇಟು ಸುಮ್ಮನಿತ್ತು. ಗಾರ್ಡ್ ದಾಟಿದ. ಸುಮ್ಮನಿತ್ತು. ಸೂಪರ್‌ವೈಸರ್ ನಗುತ್ತಾ ಕಾಲಿಟ್ಟ. ಗೇಟು ಬೀದಿಗೆಲ್ಲ ಕೇಳುವಂತೆ ಕೂಗಿತು.

ಅವನ ಕೋಟಿನ ಜೇಬಿನಲ್ಲಿ ಎರಡು ಬೂದು ಟ್ಯಾಗು ಸಿಕ್ಕವು. ಊಟದ ಬ್ಯಾಗಿನಲ್ಲಿ, ಟವೆಲ್ಲಿನೊಳಗೆ, ಟ್ಯಾಗಿಲ್ಲದ ಎರಡು ಹೊಸ ಬಾಟಲಿ.

"ಹನ್ನೆರಡು ಬಾಟಲಿ ಗೇಟು ಕೂಗದೇ ಹೋಗಿವೆ. ಅಂದ್ರೆ ಟ್ಯಾಗ್ ಒಳಗೇ ಬಿಚ್ಚಿದ್ದಾರೆ. ಆಯಸ್ಕಾಂತದ ಹತ್ತಿರ ಗಿರಾಕಿ ಹೋಗೋಕಾಗಲ್ಲ, ನೀವು ಹೋಗ್ತೀರಿ," ಇನ್ಸ್‌ಪೆಕ್ಟರಮ್ಮ ಹೇಳಿದರು. "ಬಿಚ್ಚಿದ ಟ್ಯಾಗನ್ನ ಬೇರೆ ದಿನ ಕೌಂಟರಿನ ಬುಟ್ಟಿಗೆ ಹಾಕ್ತಿದ್ರಿ. ಇವತ್ತು ಈ ಹುಡುಗಿ ಕೈ ಬ್ಯಾಗಿಗೆ ಹೋದದ್ದು ಕಂಡ್ರಿ. ತಪ್ಪು ಹೊರಿಸೋಕೆ ಒಂದು ತಲೆ ಸಿಕ್ತು ಅಂತ ಓಡಿದ್ರಿ. ಟ್ಯಾಗು ಜೇಬಲ್ಲೇ ಉಳೀತು. ಮೂಸಿ ನೋಡೋ ಬಾಟಲಿಗೆ ಟ್ಯಾಗೇ ಇರಲ್ಲ ಸ್ವಾಮೀ! ಗೇಟು ಕೂಗಿದ್ದು ನಿಮಗೆ."

ಸೂಪರ್‌ವೈಸರ್ ಮುಖದಲ್ಲಿ ರಕ್ತವಿರಲಿಲ್ಲ.

* * *

ಠಾಣೆಯಲ್ಲಿ ಹುಡುಗಿಯ ಅಪ್ಪನಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅವನ ದನಿ ಗುಡುಗಿತು. "ನಾನು ಠಾಣೆ ಮೆಟ್ಟಿಲು ಹತ್ತೋನಲ್ಲ. ಬಿಟ್ರೆ ಮನೆಗೆ ಬರಲಿ. ಇಲ್ದಿದ್ರೆ ಅವಳ ಹಣೆಬರಹ." ಫೋನು ಕಟ್ಟಾಯಿತು. ಮರ್ಯಾದೆ ಕಾಯುವುದರಲ್ಲಿ ಮಗಳನ್ನು ಕಾಯುವುದು ಮರೆತಿದ್ದ ಆಸಾಮಿ.

"ಒಂದು ಬಾಟಲಿಯಾದ್ರೂ ಕಳ್ಳತನ ಕಳ್ಳತನವೇ," ಇನ್ಸ್‌ಪೆಕ್ಟರಮ್ಮ ಹೇಳಿದರು. "ಮನೆಯ ದೊಡ್ಡವರು ಯಾರೂ ಸಹಿ ಹಾಕದಿದ್ರೆ ಬಾಲಮಂದಿರಕ್ಕೇ ಕಳಿಸಬೇಕಾಗುತ್ತೆ. ಬೇರೆ ಯಾರಿದ್ದಾರೆ?"

ಹುಡುಗಿ ಕೊನೆಗೂ ಬಾಯಿ ಬಿಟ್ಟಳು. "ಅಕ್ಕ ಇದಾಳೆ. ಅದು ಅವಳು ಹಚ್ಕೊಳ್ತಿದ್ದ ಸೆಂಟು. ಇಷ್ಟಪಟ್ಟೋನ್ನ ಮದುವೆ ಆದ್ಲು ಅಂತ ಅಪ್ಪ ಅವಳ ಬಟ್ಟೆ, ಫೋಟೋ ಎಲ್ಲಾ ಆಚೆ ಹಾಕಿದ್ರು. ಎರಡು ವರ್ಷ ಆಯ್ತು. ಶನಿವಾರ ಹೋಗಿ ಕೈಗೆ ಹಚ್ಕೊಂಡ್ರೆ ಭಾನುವಾರದವರೆಗೆ ಇರ್ತಿತ್ತು. ಆ ಬಾಟಲಿ ನಾಳೆ ಎಸೀತೀವಿ ಅಂತ ಅಂಗಡಿಯೋರು ಅಂದ್ರು."

"ನಂಬರ್ ಗೊತ್ತಾ?"

"ಬಾಯಿಪಾಠ. ಆದ್ರೆ ಮಾತಾಡಲ್ಲ ಅಂತ ಅಪ್ಪನ ಹತ್ರ ಆಣೆ ಮಾಡಿದೀನಿ."

"ಆಣೆ ಮಾಡಿರೋಳು ನೀನು. ಫೋನ್ ಮಾಡೋಳು ನಾನು."

ಅರ್ಧ ಗಂಟೆಯಲ್ಲಿ ಅಕ್ಕ ಓಡಿಬಂದಳು. ಕೆಲಸದ ಸಮವಸ್ತ್ರದಲ್ಲೇ ಇದ್ದಳು. ಬೈಯಲು ಬಾಯಿ ತೆರೆದವಳು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಷ್ಟು ಉದ್ದ ಆಗಿದೀಯೇ!" ಅಂದವಳೇ ಅಳತೊಡಗಿದಳು. ತಂಗಿಗೂ ತಡೆಯಲಾಗಲಿಲ್ಲ. ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತ.

ಅಕ್ಕ ಸಹಿ ಹಾಕಿದಳು. ಇನ್ಸ್‌ಪೆಕ್ಟರಮ್ಮ ಆದೇಶವನ್ನು ಗಡಸು ದನಿಯಲ್ಲೇ ಓದಿದರು. "ಮನೆಗೆ ನಾನೇ ಬಿಟ್ಟು ಬರ್ತೀನಿ. ಇನ್ನು ಆರು ತಿಂಗಳು, ಪ್ರತಿ ಸೋಮವಾರ ಸಂಜೆ ಇಲ್ಲಿ ಹಾಜರಿ. ಸಹಿ ಹಾಕಿದವರ ಜೊತೆಗೇ ಬರಬೇಕು. ಒಂದು ವಾರ ತಪ್ಪಿಸಿದ್ರೂ ಕೋರ್ಟಿಗೆ ಹೋಗುತ್ತೆ. ನಿಮ್ಮಪ್ಪ ಬೇಡ ಅಂದ್ರೂ ಕಾನೂನು ಕೇಳಲ್ಲ. ಅರ್ಥ ಆಯ್ತಾ?"

ಹುಡುಗಿ ಅಕ್ಕನ ಕೈ ಬಿಡದೆ ತಲೆಯೆತ್ತಿದಳು.

"ಆರೇ ತಿಂಗಳಾ ಮೇಡಂ?"