ಮುಳುಗಿದ ಫಾರಂ

ಬೈಂಡಿಂಗ್ ಕೋಣೆಯ ಹಿಂದಿನ ನೀರಿನ ತೊಟ್ಟಿಯಲ್ಲಿ ಕಾದಂಬರಿಯೊಂದು ಮುಳುಗಿ ಸತ್ತಿತ್ತು. ಪೂರ್ತಿಯಲ್ಲ, ಒಂದು ಫಾರಂ ಮಾತ್ರ. ಅಂದರೆ ಹದಿನಾರು ಪುಟ, ಅಷ್ಟೂ ಪ್ರತಿಗಳದ್ದು. ಕಂದು ಕಾಗದದ ಸುತ್ತನ್ನೂ ಬಿಚ್ಚದೆ ಯಾರೋ ಕಟ್ಟುಗಳನ್ನು ನೂಕಿದ್ದರು.

ಕಾದಂಬರಿ ಹದಿಹರೆಯದವರಿಗೆಂದು ಬರೆದದ್ದು. ಮುಂದೆಂದೋ ಬರುವ ಕಾಲ, ಗಾಜಿನ ಮುಚ್ಚಳದಡಿಯ ನಗರ. ಅಲ್ಲಿ ಮಕ್ಕಳು ಕಟ್ಟಿದ ಹಾಡೆಲ್ಲ ದೊರೆಯ ಹೆಸರಿನಲ್ಲೇ ಹೊರಡಬೇಕು. ಲೇಖಕರು, ಎಲ್ಲರೂ 'ಸಾಹಿತಿಗಳು' ಎನ್ನುವ ಮಹನೀಯರು. ಕನ್ನಡಿ ಕಂಡರೆ ತಮಗೆ ತಾವೇ ನಮಸ್ಕಾರ ಹಾಕಿಕೊಳ್ಳುವ ಪೈಕಿ.

ಇನ್‌ಸ್ಪೆಕ್ಟರ್ ಬಂದಳು. ಪ್ರೆಸ್ ಮಾಲೀಕ ಆಗಲೇ ಅಪರಾಧಿಯನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದ್ದ. ಸಾಹಿತಿಗಳ ತಂಗಿಯ ಮಗಳು, ಅವರ ಟೈಪಿಸ್ಟ್, ಈ ವಾರವೆಲ್ಲ ಇಲ್ಲಿ ಪುಟ ಜೋಡಿಸಲು ಕೈಗೂಡಿಸಿದ್ದವಳು. ಪುಸ್ತಕಕ್ಕೆ ತನ್ನ ಹೆಸರು ಹಾಕಿ ಎಂದು ಹೋದ ವಾರ ಇಲ್ಲೇ ಜಗಳವಾಡಿದ್ದಳಂತೆ.

"ಬರೆದೋಳು ನಾನು ಮೇಡಂ. ಮಾವ ಇದನ್ನ ಓದೂ ಇಲ್ಲ," ಎಂದಳು ಹುಡುಗಿ. "ಹೆತ್ತ ಕೂಸನ್ನ ಯಾರಾದ್ರೂ ನೀರಿಗೆ ಹಾಕ್ತಾರಾ?"

* * *

ಸಾಹಿತಿಗಳು ಬಂದರು. ಒಂದು ಫಾರಂ ನೀರುಪಾಲಾಗಿದೆ ಎಂದಷ್ಟೇ ಮಾಲೀಕ ಫೋನಿನಲ್ಲಿ ತಿಳಿಸಿದ್ದ. ಅವರು ತೊಟ್ಟಿಯ ಕಡೆ ತಿರುಗಿಯೂ ನೋಡದೆ ಕುರ್ಚಿ ಹಿಡಿದರು.

"ನೋಡಮ್ಮ, ಚಿಕ್ಕೋಳು, ದುಡುಕಿದಾಳೆ. ಕೇಸು ಗೀಸು ಬೇಡ. ಇನ್ಮೇಲೆ ಹೆಸರಿನ ಮಾತು ಎತ್ತದಿದ್ರೆ ಸಾಕು. ಕೊನೇ ಅಧ್ಯಾಯ ಹೋದ್ರೆ ಹೋಗ್ಲಿ, ಬೇರೆ ಕೊನೆ ಬರೀತೀನಿ."

ಎಂಥ ಉದಾರ ಹೃದಯ! ಮಾಲೀಕ ಕಣ್ಣೊರೆಸಿಕೊಂಡ.

ಇನ್‌ಸ್ಪೆಕ್ಟರ್ ಕೋಣೆಯ ಆಚೆ ಬದಿಗೆ ನಡೆದಳು. ಬೈಂಡರ್ ಹೆಂಗಸು ಬೇರೊಂದು ಪುಸ್ತಕ ಜೋಡಿಸುತ್ತಿದ್ದುದನ್ನು ನೋಡುತ್ತ ನಿಂತಳು. ಪ್ರತಿ ಪುಸ್ತಕದ ಫಾರಂಗಳೂ ಬಾಗಿಲಿಂದ ಗೋಡೆಯವರೆಗೆ ಸಾಲಾಗಿದ್ದವು; ಬೈಂಡರ್ ಬಾಗಿಲ ಬಳಿಯಿಂದ ಹೊರಟಳು. ಮೊದಲು ಕೈಗೆತ್ತಿಕೊಂಡದ್ದು ಕೊನೆಯ ಫಾರಂ. ಅದರ ಮೇಲೆ ಅದರ ಹಿಂದಿನದು. ಹೀಗೆ ಗೋಡೆ ಮುಟ್ಟುವ ಹೊತ್ತಿಗೆ ಮೊದಲನೆಯ ಫಾರಂ ಎಲ್ಲಕ್ಕೂ ಮೇಲೆ ಬಂದು ಕೂತಿತು.

* * *

"ಸಾರ್," ಎಂದಳು ಇನ್‌ಸ್ಪೆಕ್ಟರ್, "ಕೊನೇ ಅಧ್ಯಾಯ ಬಾಗಿಲ ಹತ್ರ ಬೆಚ್ಚಗಿದೆ. ತೊಟ್ಟೀಲಿರೋದು ಮೊದಲನೇದು."



ಅವಳು ಬಿಡಿಸಿ ಹೇಳಿದಳು. ಕಟ್ಟು ನೂಕಿದವನು ಮುಳುಗಿಸಹೊರಟದ್ದು ಕೊನೆಯನ್ನು. ಇಲ್ಲಿ ಸಾಲು ಹಿಂದುಮುಂದಾಗಿ ಇಡುತ್ತಾರೆಂದು ಅವನಿಗೆ ಗೊತ್ತಿಲ್ಲ. ಗೋಡೆಯ ಬದಿಯದೇ ಕೊನೆಯೆಂದುಕೊಂಡ. ಹುಡುಗಿಗಾದರೋ ಗೊತ್ತು, ವಾರವಿಡೀ ಇಲ್ಲೇ ಪುಟ ಜೋಡಿಸಿದ್ದಾಳೆ. ಹೋದದ್ದು ಕೊನೆಯ ಅಧ್ಯಾಯವೆಂದು, ಯಾರೂ ತಿಳಿಸದಿದ್ದರೂ, ಮಾತಾಡಿದವರು ಸಾಹಿತಿಗಳೊಬ್ಬರೇ.

ನಿನ್ನೆ ಸಂಜೆ ಪುಸ್ತಕ ಹರಸುತ್ತೇನೆಂದು ಸಾಹಿತಿಗಳು ಈ ಕೋಣೆಯಲ್ಲಿ ಒಬ್ಬರೇ ಕೂತಿದ್ದನ್ನು ಮಾಲೀಕ ಆಗ ನೆನಪಿಸಿಕೊಂಡ. ಕಾರಣ ಹೇಳಿದವಳು ಹುಡುಗಿ. ಪ್ರೂಫ್ ಓದಿದ್ದ ವರದಿಗಾರನೊಬ್ಬ ನಿನ್ನೆ ಬೆಳಿಗ್ಗೆ ಮಾವನಿಗೆ ಫೋನು ಮಾಡಿ, ಕೊನೆಯಲ್ಲಿ ಮಕ್ಕಳೆಲ್ಲ ನೋಡಿ ನಗುವ ಆ ದೊರೆ ನೀವೇನಾ ಎಂದು ಕೇಳಿದ್ದನಂತೆ. ಮಾವ ತಮ್ಮ ಕಾದಂಬರಿಯ ಕಥೆಯೇನೆಂದು ಮೊದಲ ಸಲ ವಿಚಾರಿಸಿದ್ದು ಆಮೇಲೆ.

"ಓದಿದ್ರೆ ಮೊದಲೇ ಗೊತ್ತಾಗ್ತಿತ್ತು," ಎಂದಳು ಇನ್‌ಸ್ಪೆಕ್ಟರ್. "ಕಳ್ಳತನಕ್ಕೂ ಸ್ವಲ್ಪ ಓದು ಬೇಕು ಸಾರ್."

ಮಾಲೀಕ ತಲೆ ಕೆರೆದುಕೊಂಡ. ಮೊದಲನೆಯ ಫಾರಂ ಮತ್ತೆ ಅಚ್ಚಾಗಬೇಕು. ಶೀರ್ಷಿಕೆಯ ಪುಟ ಇರುವುದೂ ಅದರಲ್ಲೇ, ಲೇಖಕರ ಹೆಸರೂ ಅದರಲ್ಲೇ.

"ಯಾರ ಹೆಸರು ಹಾಕ್ಲಿ?"

"ಪುಟ್ಟೀ..." ಎಂದರು ಸಾಹಿತಿಗಳು, ಬೆಣ್ಣೆಯಂಥ ದನಿಯಲ್ಲಿ.

ಹುಡುಗಿ ಅವರತ್ತ ತಿರುಗಲಿಲ್ಲ. ಮಾಲೀಕನಿಗೆ ತಪ್ಪಾಗದಿರಲೆಂದು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳತೊಡಗಿದಳು.