ಶಂಭಣ್ಣನ ವಿಳಾಸ

ಇದಕ್ಕೆ ಸಾಕ್ಷಿ ನಾನೊಬ್ಬನೇ. ಮೇ ತಿಂಗಳ ಒಂದು ಮಧ್ಯಾಹ್ನ ಠಾಕುರ್ಲಿಯ ಹರಿಣಾಕ್ಷಿ ಅಕ್ಕ ಕಂಪ್ಯೂಟರ್ ರಿಪೇರಿಯವನಾದ ನನ್ನನ್ನು ಕರೆಸಿದ್ದರು. ಅವರ ಕೇಟರಿಂಗ್ ಆಫೀಸಿನ ಹೊಸ ಲಿನಕ್ಸ್ ಕಂಪ್ಯೂಟರಿಗೆ ನೆಟ್ ಬರುತ್ತಿರಲಿಲ್ಲ. ಕೇಬಲ್ ಸರಿಯಿತ್ತು. ನೆಟ್ ಸೇರಲು ಬೇಕಾದ ವಿಳಾಸವನ್ನು ಅದು ಕೇಳುತ್ತಲೇ ಇತ್ತು, ರೂಟರ್ ಕೊಡುತ್ತಿರಲಿಲ್ಲ. ಅಲ್ಲಿ ಒಂದೇ ಯಂತ್ರವಿದ್ದ ಕಾಲದಲ್ಲಿ ಒಂದೇ ವಿಳಾಸ ಹಂಚುವಂತೆ ನಾನೇ ಹೊಂದಿಸಿದ್ದೆ. ರೂಟರಿನ ಪಟ್ಟಿ ತೆರೆದು ನೋಡಿದರೆ ಆ ವಿಳಾಸ ‘ಶಂಭು’ ಎಂಬ ಲ್ಯಾಪ್‌ಟಾಪಿನ ಬಳಿಯಿತ್ತು. ಪಡೆದು ಎರಡೇ ನಿಮಿಷವಾಗಿತ್ತು.

ಅಕ್ಕನ ಗಂಡ ಶಂಭಣ್ಣ ತೀರಿಕೊಂಡು ಆಗಲೇ ಏಳು ತಿಂಗಳು.

ಪಟ್ಟಿಯಿಂದ ಆ ಹೆಸರು ಅಳಿಸಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ಮತ್ತೆ ಅಳಿಸಿದೆ, ಮತ್ತೆ ಬಂತು. ಫ್ಯಾನ್ ನಿಂತಿದ್ದರೂ ಶಂಭಣ್ಣನ ಖಾಲಿ ಕುರ್ಚಿಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು.

“ಅಣ್ಣನ ಲ್ಯಾಪ್‌ಟಾಪ್ ಎಲ್ಲುಂಟು ಅಕ್ಕ?”

“ರಿಪೇರಿಗೆ ಅಂತ ನೀವೇ ತಗೊಂಡು ಹೋದದ್ದಲ್ವಾ?” ಅಂದರು ಅಕ್ಕ. “ಆಸ್ಪತ್ರೆಯಲ್ಲೂ ಕೇಳ್ತಿದ್ರು, ಆಯ್ತಂತಾ ಅಂತ.”

ಆಗ ನೆನಪಾಯಿತು. ನಾಳೆ ಕೊಡ್ತೇನೆ ಎಂದು ನಾಲ್ಕು ಸಲ ಶಂಭಣ್ಣನಿಗೆ ಫೋನಿನಲ್ಲಿ ಹೇಳಿದ್ದೆ. ಐದನೆಯ ಸಲ ಅವರು ಮಾಡಿದಾಗ ನಾನು ಫೋನ್ ಎತ್ತಲೇ ಇಲ್ಲ.

ರೈಲಿನಲ್ಲಿ ಒಂದು ಗಂಟೆ ದೂರದ ಕೋಪರಖೈರಣೆಯ ನನ್ನ ಮನೆಗೆ ಮರಳಿ ಕಪಾಟು ತೆರೆದೆ. ಲ್ಯಾಪ್‌ಟಾಪ್ ಇಟ್ಟಲ್ಲೇ ಇತ್ತು. ಕಳಚಿಟ್ಟ ಬ್ಯಾಟರಿ ಪಕ್ಕದಲ್ಲೇ ಇತ್ತು, ಮೇಲೆಲ್ಲ ಧೂಳು. ಎತ್ತಿಕೊಂಡಾಗ ಲ್ಯಾಪ್‌ಟಾಪಿನ ತಳ ಬೆಚ್ಚಗಿತ್ತು.