ಹೆಚ್ಚಿಗೆ ಬಂದ ಒಂದು ವೋಟು

ಮತಯಂತ್ರದ ಪಾಠ ಹೇಳಲು ಬಂದವನು ನೋಡಲು ಚೆನ್ನಾಗಿದ್ದ. ಅವಳಿಗೆ ಮೊದಲ ಅನುಮಾನ ಬಂದದ್ದೇ ಅದಕ್ಕೆ.

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮಾತ್ರೆ ಎಣಿಸಿ ಕೊಡುವ ಕೆಲಸ ಅವಳದು. ಒಮ್ಮೆ ಎಣಿಸಿದ್ದನ್ನು ಇನ್ನೊಮ್ಮೆ ಎಣಿಸದೆ ಪೊಟ್ಟಣ ಕಟ್ಟಿದವಳಲ್ಲ. ಜೊತೆಯವರು ಅವಳಿಗೆ ಇಟ್ಟ ಹೆಸರು ಸಿಸಿ ಕ್ಯಾಮರಾ. ಮೊದಲೇನೂ ಹೀಗಿರಲಿಲ್ಲ. ಮದುವೆಯಾಗುತ್ತೇನೆಂದು ಮಾತು ಕೊಟ್ಟವನು ಅದೇ ಮಾತನ್ನು ಇನ್ನೊಬ್ಬಳಿಗೂ ಕೊಟ್ಟಿದ್ದನೆಂದು ತಿಳಿದ ಮೇಲೆ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವಳ ನಾಲಿಗೆಯ ತುದಿಯಲ್ಲೇ ಮನೆ ಮಾಡಿತ್ತು.

ಈಗ ಅವಳನ್ನು ಚುನಾವಣೆ ಕೆಲಸಕ್ಕೆ ಹಾಕಿದ್ದರು. ಭಾನುವಾರ ಒಂದು ಮತಗಟ್ಟೆ ಪೂರ್ತಿ ಅವಳ ಕೈಯಲ್ಲಿ. ಯಂತ್ರ ಸರಿಯಿದೆ ಎಂದು ಸಹಿ ಹಾಕಬೇಕಾದವಳೂ ಅವಳೇ. ಅದಕ್ಕಾಗಿ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ಎರಡು ಮಧ್ಯಾಹ್ನದ ತರಬೇತಿ.

"ಈ ವೈರು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

"ಆ ಪೆಟ್ಟಿಗೆಗೆ, ಮೇಡಂ."

"ಅಲ್ಲಿಂದ?"

"ಎಲ್ಲಿಗೂ ಇಲ್ಲ. ಅದರ ಸಂಸಾರ ಅಷ್ಟೇ."

ಎಲ್ಲರೂ ನಕ್ಕರು. ನಗುವಾಗ ಅವನ ಎಡಹುಬ್ಬು ಮಾತ್ರ ಮೇಲೇರುತ್ತದೆಂದು ಅವಳು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ನೀವು ಸುಳ್ಳು ಹೇಳ್ತಿಲ್ಲ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗಲ್ಲ," ಎಂದ ಅವನು, ಈಗ ನಗದೆ. "ಅದಕ್ಕೇ ನಿಮ್ಮಂಥವರನ್ನ ಅಲ್ಲಿ ಕೂರಿಸೋದು."

ರಾತ್ರಿ ಊಟದ ಹೊತ್ತಿಗೆ ಅಕ್ಕ ಮೆಲ್ಲಗೆ ಕೆದಕಿದಳು. "ಪಾಠ ಹೇಳೋನು ಹೇಗಿದ್ದಾನೆ?"

"ಯಾಕೋ ಅನುಮಾನ ಕಣೇ."

"ಯಾರ ಮೇಲೆ, ಅವನ ಮೇಲಾ ನಿನ್ನ ಮೇಲಾ?"

ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಒಳಗೆ ಕಾಲಿಡುವಾಗಲೇ ಅವನು ಎದುರಾದ. "ಇವತ್ತು ಮುಗಿದ ಮೇಲೆ ಒಂದು ಟೀ ಕುಡಿಯೋಣ್ವಾ?" ಅವಳ ಎದೆ ಹಾರಿತು. "ನೋಡೋಣ," ಎಂದಷ್ಟೇ ಅಂದಳು.

ಅಂದು ಅಣಕು ಮತದಾನ. ಕೊಡೆ, ಏಣಿ, ಬಾಚಣಿಗೆ ಅಭ್ಯರ್ಥಿಗಳು. ಒಬ್ಬೊಬ್ಬರೇ ರಟ್ಟಿನ ಮರೆಗೆ ಹೋಗಿ ಗುಂಡಿ ಒತ್ತುತ್ತಿದ್ದರು, ಯಂತ್ರ ಕುಂಯ್ ಎನ್ನುತ್ತಿತ್ತು. ಅವಳು ಮಾತ್ರೆ ಎಣಿಸಿದಂತೆ ಸದ್ದು ಎಣಿಸುತ್ತ ಕುಳಿತಳು. ಇಪ್ಪತ್ತು ಜನ, ಇಪ್ಪತ್ತು ಸದ್ದು. ಅಷ್ಟರಲ್ಲಿ ಟೀ ಬಂತು, ಎಲ್ಲರೂ ಲೋಟಕ್ಕೆ ಮುಗಿಬಿದ್ದರು. ಆ ಗಲಾಟೆಯಲ್ಲಿ ಇನ್ನೊಂದು ಕುಂಯ್.

ಅವಳು ತಿರುಗಿ ನೋಡಿದಾಗ ರಟ್ಟಿನ ಮರೆಯಿಂದ ಅವನು ಹೊರಗೆ ಬರುತ್ತಿದ್ದ, ಏನೂ ಅರಿಯದವನಂತೆ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ.

ಹಾಗಾದರೆ ಟೀಗೆ ಕರೆದದ್ದು ಬಾಯಿ ಮುಚ್ಚಿಸಲಿಕ್ಕೆ. ಇವನೂ ಅಂಥವನೇ. ಅಂಥವನಾಗಿರಬಾರದಿತ್ತು ಎಂದು ಮನಸ್ಸು ಎಷ್ಟು ಬಯಸಿತ್ತೆಂದು ಅವಳಿಗೆ ಆಗಲೇ ಗೊತ್ತಾದದ್ದು. ಅಳು ಬಂದಂತಾಯಿತು.

ತರಬೇತಿಯ ಉಸ್ತುವಾರಿಗೆ ಬಂದಿದ್ದ ಮೇಲಧಿಕಾರಿ ಯಂತ್ರ ನೋಡಿ ಓದಿದರು: "ಒಟ್ಟು ಇಪ್ಪತ್ತೊಂದು." ಲೆಕ್ಕ ಸರಿಯಿದೆ ಎಂಬ ಹಾಳೆ ಕೈಯಿಂದ ಕೈಗೆ ದಾಟಿತು. ಎಲ್ಲರೂ ಕಣ್ಣುಮುಚ್ಚಿ ಸಹಿ ಹಾಕಿದರು. ಕೊನೆಗೆ ಅವಳ ಮುಂದೆ ಬಂತು.

"ಬೇಗ ಹಾಕಮ್ಮಾ, ಮನೆಗೆ ಹೋಗ್ಬೇಕು," ಎಂದರು ಮೇಲಧಿಕಾರಿ.

ಅವನು ಅವಳನ್ನೇ ನೋಡುತ್ತಿದ್ದ. ಸಹಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ, ಟೀ ಕುಡಿಯಬಹುದು. ಹಾಕದಿದ್ದರೆ ಅವನ ಕೆಲಸ ಹೋಗುತ್ತದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಸಾರ್, ವೋಟು ಹಾಕಿದ್ದು ಇಪ್ಪತ್ತೇ ಜನ. ಟೀ ಬಂದಾಗ ಮರೆಯಲ್ಲಿದ್ದಿದ್ದು ಇವರೊಬ್ಬರೇ." ಅವನತ್ತ ಬೆರಳು ತೋರಿಸಿದಳು.

ಅವನು ದೀರ್ಘವಾಗಿ ಉಸಿರು ಬಿಟ್ಟ.

"ಹೌದು ಸಾರ್, ನಾನೇ ಒತ್ತಿದೆ. ಪ್ರತಿ ತರಬೇತಿಯಲ್ಲೂ ಒಂದು ವೋಟು ಕದ್ದು ಹಾಕ್ತೀನಿ. ಇಲ್ಲಿವರೆಗೂ ಎಲ್ಲರೂ ಸರಿಯಿದೆ ಅಂತ ಸಹಿ ಹಾಕಿ ಎದ್ದು ಹೋಗಿದ್ದಾರೆ. ಈ ಪಾಠ ಸಾಲಲ್ಲ ಅಂತ ಬಾಯಿಬಡ್ಕೊಂಡ್ರೂ ನೀವು ನಂಬಲಿಲ್ಲ. ಈಗ ಹಾಳೆ ನೋಡಿ."

ಮೇಲಧಿಕಾರಿ ಹಾಳೆ ನೋಡಿದರು. ಮುಖ ಕೆಂಪಾಯಿತು. ಬಯ್ಯಲು ಬಾಯಿ ತೆರೆದವರು ಆ ಸಹಿಗಳನ್ನು ಮತ್ತೊಮ್ಮೆ ನೋಡಿ ಮುಚ್ಚಿಕೊಂಡರು. "ನಾಳೆ ಎಲ್ಲರೂ ಬನ್ನಿ. ಮೊದಲಿಂದ ಶುರು ಮಾಡೋಣ." ಉಳಿದವರು ಅವಳನ್ನು ದುರುಗುಟ್ಟಿ ನೋಡುತ್ತ ಹೊರಟರು.

ಮೆಟ್ಟಿಲ ಮೇಲೆ ಅವಳು ಅವನಿಗಾಗಿ ನಿಂತಿದ್ದಳು. ಕೋಪ ಇನ್ನೂ ಇಳಿದಿರಲಿಲ್ಲ.

"ಟೀಗೆ ಕರೆದಿದ್ದೂ ಪರೀಕ್ಷೆನಾ?"

"ಅಲ್ಲ. ಅದಕ್ಕೆ ನಿನ್ನೆಯಿಂದ ಧೈರ್ಯ ಮಾಡ್ತಿದ್ದೆ."

"ಹೇಗೆ ನಂಬ್ಲಿ?"

"ನಂಬಬೇಡಿ. ಎಷ್ಟು ದಿನ ಬೇಕಾದ್ರೂ ಪರೀಕ್ಷೆ ಮಾಡಿ. ನನಗೆ ನೀವು ತುಂಬಾ ಇಷ್ಟ ಆಗಿದ್ದೀರಿ. ಎಣಿಸೋರು ಒಬ್ಬರು ಸಿಗ್ಲಿ ಅಂತ ಕಾಯ್ತಾ ಇದ್ದೆ."

"ಈ ಮಾತು ಇನ್ನೆಷ್ಟು ಜನಕ್ಕೆ ಹೇಳಿದ್ದೀರಿ?" ಸಿಸಿ ಕ್ಯಾಮರಾ ಬಿಡಲಿಲ್ಲ. ಆದರೆ ದನಿ ಮೆತ್ತಗಾಗಿತ್ತು.

"ನಿಮಗಿಂತ ಮುಂಚೆ ಯಾರೂ ಎಣಿಸಿಲ್ಲವಲ್ಲ ಮೇಡಂ." ಎಡಹುಬ್ಬು ಮೇಲೇರಿತು.

ಎದುರಿನ ಅಂಗಡಿಯಲ್ಲಿ ಮೇಜಿನ ಮೇಲೆ ಟೀ ಲೋಟಗಳು ಬಂದವು. ಅವನಿಗೊಂದು, ಅವಳಿಗೊಂದು. ಅವಳು ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಲೆಕ್ಕ ಸರಿಯಿತ್ತು.